ಕುಡಿತ ಬಿಡೋಕೆ ಶಿಬಿರ, ರಿಹ್ಯಾಬ್, ಆಸ್ಪತ್ರೆ, ಎ.ಎ (ಆಲ್ಕೊಹಾಲಿಕ್ಸ್ ಅನಾನಿಮಸ್): ನಾಲ್ಕೂ ಕಡೆ ಹೋಗಿ ಬಂದೋನ ಹೋಲಿಕೆ

14 ವರ್ಷ ಕುಡಿದಿದೀನಿ, ಕೊನೆಕೊನೆಗೆ ಬೆಳಗ್ಗೆ ಒಂದು ನೈಂಟಿ ಒಳಗೆ ಹೋಗದಿದ್ರೆ ಬ್ರಷ್ ಹಿಡಿಯೋಕೂ ಕೈ ನಡುಗೋದು. ಯಾವುದ್ರಿಂದ ಬಿಟ್ಟೆ ಅಂತ ತುಂಬ ಜನ ಕೇಳ್ತಾರೆ, ಅದಕ್ಕೇ ಬರೀತಿದೀನಿ.

ಮೊದಲು ಹೋಗಿದ್ದು ಧರ್ಮಸ್ಥಳದೋರು ನಡೆಸೋ ಮದ್ಯವರ್ಜನ ಶಿಬಿರಕ್ಕೆ. 8 ದಿನ, ಯೋಗ, ಭಜನೆ, ಕೌನ್ಸೆಲಿಂಗ್, ಮನೆಯವರನ್ನೂ ಕರೆಸ್ತಾರೆ, ನಮ್ಮಾಕೆ ಎದುರಿಗೆ ಕೂತು ಅತ್ತಿದ್ದು ಇವತ್ತಿಗೂ ಕಣ್ಮುಂದೆ ಇದೆ. ಊರವರೇ ನಿಂತು ಮಾಡೋದ್ರಿಂದ ನಾಚಿಕೆ ಕಮ್ಮಿ ಆಗುತ್ತೆ. ಮುಗಿದ್ಮೇಲೆ ನವಜೀವನ ಸಮಿತಿಗೆ (ಶಿಬಿರ ಮುಗಿಸಿದೋರು ಸೇರೋ ಗುಂಪು) ಹೋಗ್ತಾ ಇರಬೇಕಿತ್ತು, ನಾನು ಎರಡು ಸಲ ಹೋಗಿ ನಿಲ್ಲಿಸಿದೆ, ನಾಲ್ಕನೇ ತಿಂಗಳು ಒಂದು ಬೀಗರೂಟದಲ್ಲಿ ಮತ್ತೆ ಶುರು.

ಆಮೇಲೆ ಒಂದು ಪ್ರೈವೇಟ್ ರಿಹ್ಯಾಬ್, ಬೀಗ ಹಾಕಿದ ಗೇಟು, ಫೋನಿಲ್ಲ. ಎರಡನೇ ರಾತ್ರಿ ಗೋಡೆ ತುಂಬ ಹುಳ ಹರಿದಂಗೆ ಕಂಡು ಕಿರುಚಿದೆ, ನಾಟಕ ಅಂತ ಕೈ ಕಟ್ಟಿ ಹಾಕಿದ್ರು. ಅದು ನಾಟಕ ಅಲ್ಲ ಸ್ವಾಮಿ, ವಿಪರೀತ ಕುಡಿಯೋನು ದಿಢೀರ್ ಅಂತ ನಿಲ್ಲಿಸಿದ ಎರಡು ಮೂರು ದಿನದಲ್ಲಿ ಫಿಟ್ಸ್ ಬರಬಹುದು, ಭ್ರಮೆ ಬರಬಹುದು, ಜೀವಾನೂ ಹೋಗಬಹುದು. ಡಾಕ್ಟರ್ ಇಲ್ಲದ ಕಡೆ ಯಾರನ್ನೂ ಸೇರಿಸ್ಬೇಡಿ.

ಆಸ್ಪತ್ರೆಯಲ್ಲಿ (ಬೆಂಗಳೂರಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ) ಇದೇ ನಡುಕಕ್ಕೆ ಮಾತ್ರೆ ಕೊಟ್ಟು ದಿನಾ ಡೋಸ್ ಇಳಿಸ್ತಾ ಬರ್ತಾರೆ, ಥಯಾಮಿನ್ (ವಿಟಮಿನ್ ಬಿ1) ಇಂಜೆಕ್ಷನ್ ಹಾಕ್ತಾರೆ. ಆಮೇಲೆ ನನಗೆ ನಾಲ್ಟ್ರೆಕ್ಸೋನ್ ಕೊಟ್ರು, ಕುಡೀಬೇಕು ಅನ್ನೋ ಎಳೆತ ನಿಜವಾಗ್ಲೂ ತಗ್ಗಿತು. ಇನ್ನೊಂದು ಮಾತ್ರೆ ಇದೆ, ಡೈಸಲ್ಫಿರಾಮ್, ಅದನ್ನ ತಗೊಂಡು ಕುಡಿದ್ರೆ ವಾಂತಿ, ಎದೆ ಬಡಿತ, ಬಿಪಿ ಕುಸಿಯುತ್ತೆ. ಗೊತ್ತಾಗದ ಹಾಗೆ ಸಾರಿಗೆ ಬೆರೆಸಿ ಹಾಕೋ ಮನೆಗಳಿವೆ, ದಯವಿಟ್ಟು ಬೇಡ, ಅಕ್ಕಂದಿರೇ, ಅವನಿಗೆ ಗೊತ್ತಿಲ್ಲದೆ ಕುಡಿದ್ರೆ ಪ್ರಾಣಕ್ಕೇ ಕುತ್ತು.

ದೇಹ ಸರಿಹೋಯ್ತು, ಸಂಜೆ ಏಳು ಗಂಟೆ ಸರಿಹೋಗಲಿಲ್ಲ. ಅದಕ್ಕೆ ಆಸರೆ ಆಗಿದ್ದು ಕುಡಿತ ಬಿಡ್ತಿರೋರೇ ಕೂತು ಮಾತಾಡೋ ಎ.ಎ ಮೀಟಿಂಗ್. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಶುರು ಮಾಡಿದ್ದು, ಫೀಸಿಲ್ಲ, ಪೂರ್ತಿ ಹೆಸರು ಕೇಳಲ್ಲ. 2020ರಲ್ಲಿ 27 ಅಧ್ಯಯನ ಒಟ್ಟು ಸೇರಿಸಿ ನೋಡಿದಾಗ ಎ.ಎಗೆ ಜೋಡಿಸೋ ಚಿಕಿತ್ಸೆ ಪಡೆದೋರಲ್ಲಿ ವರ್ಷದ ಮೇಲೂ ಪೂರ್ತಿ ಬಿಟ್ಟೋರು ನೂರಕ್ಕೆ 42, ಬೇರೆ ಚಿಕಿತ್ಸೆಗಳಲ್ಲಿ 35 ಅಂತ ಬಂತು. ಅರ್ಧಕ್ಕಿಂತ ಜಾಸ್ತಿ ಜನ ಜಾರ್ತಾರೆ ಅನ್ನೋದೂ ಅದರಲ್ಲೇ ಇದೆ, ಅದಕ್ಕೇ ಜಾರಿದೋನನ್ನ ಬೈಬೇಡಿ, ವಾಪಸ್ ಕರ್ಕೊಂಡು ಹೋಗಿ.

ನನಗೆ ಕೇಳಿದ್ರೆ ಮೊದಲು ಆಸ್ಪತ್ರೆ, ಆಮೇಲೆ ಎ.ಎನೋ ನವಜೀವನ ಸಮಿತಿನೋ ಹತ್ತಿರ ಯಾವುದಿದ್ಯೋ ಅಲ್ಲಿಗೆ ವಾರ ತಪ್ಪದೆ. ಮೊನ್ನೆ ಇನ್ನೊಂದು ಬೀಗರೂಟ ಇತ್ತು, ಹೊರಡೋ ಮುಂಚೆ ನಮ್ಮ ಸ್ಪಾನ್ಸರ್ ಅಣ್ಣಂಗೆ (ಎ.ಎಲಿ ನನ್ನ ಬೆನ್ನಿಗೆ ನಿಂತಿರೋ ಹಳಬರು) ಫೋನ್ ಮಾಡಿ ಹೇಳ್ದೆ, ಊಟ ಮಾಡಿ ಎಲೆ ಮಡಚಿ ಸೀದಾ ಬಸ್ ಹತ್ತಿದೆ.