ಸವೆದ ಸ್ಟೈಲಸ್ ಹಿಡಿಯೋಕೆ ಅಕ್ಕಸಾಲಿಗರ ಲೂಪೇ ಸರಿ

ನನ್ನ ಎಡಿಸನ್ ಸ್ಟ್ಯಾಂಡರ್ಡ್, ಅಂದರೆ ಕೊಳವೆಯಾಕಾರದ ಹಳೆಯ ರೆಕಾರ್ಡುಗಳನ್ನು (ಸಿಲಿಂಡರ್) ನುಡಿಸುವ ಫೋನೋಗ್ರಾಫ್, ಮನೆಗೆ ಬಂದ ವಾರವೇ ಒಂದು ಒಳ್ಳೆಯ ಸಿಲಿಂಡರ್ ಹಾಳಾಯಿತು. ಗೆರೆಯಲ್ಲಿ ಓಡುವ ಮೊನೆಯ ಬಗ್ಗೆ ಮಾರಿದವರು "ಸ್ಟೈಲಸ್ ಚೆನ್ನಾಗಿದೆ" ಅಂದಿದ್ದರು, ನಾನು ನಂಬಿದೆ. ಎರಡು ನಿಮಿಷದ ಕಪ್ಪು ಮೇಣದ ಸಿಲಿಂಡರ್ ಹಾಕಿದೆ. ಹಾಡು ಮುಗಿದ ಮೇಲೆ ನೋಡಿದರೆ ಸ್ಟೈಲಸ್ ಓಡಿದ ದಾರಿಯುದ್ದಕ್ಕೂ ಬೂದು ಬಣ್ಣ, ಕೆಳಗೆ ನುಣ್ಣನೆಯ ಮೇಣದ ಪುಡಿ. ಹೊಟ್ಟೆ ಉರಿದುಹೋಯಿತು.

ಈ ಸಿಲಿಂಡರ್‌ಗಳಲ್ಲಿ ಒಂದು ಇಂಚಿಗೆ 100 ಗೆರೆ. ದನಿ ಇರುವುದು ಗೆರೆಯ ತಳದ ಏರುತಗ್ಗುಗಳಲ್ಲಿ. ಸ್ಟೈಲಸ್ ಅಂದರೆ ಒಂದು ಪುಟ್ಟ ಸಫೈರ್ ಹರಳು, ಅದರ ಅಂಚು ಚೂರು ಮುಕ್ಕಾಗಿದ್ದರೂ ಸಾಕು, ಆ ಏರುಗಳನ್ನು ಉಳಿಯ ಹಾಗೆ ಹೆರೆದುಬಿಡುತ್ತದೆ. ಕಿವಿಗೆ ಗೊತ್ತಾಗುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ, ಹಾಗಾಗಿ ಕೇಳಿ ಪರೀಕ್ಷಿಸುವ ದಾರಿಯನ್ನು ನಾನು ಲೆಕ್ಕಕ್ಕೇ ಇಟ್ಟಿಲ್ಲ.

ಆಗ ಮೊದಲು ತಂದದ್ದು ಯುಎಸ್‌ಬಿ ಮೈಕ್ರೋಸ್ಕೋಪ್, 35 ಡಾಲರ್. ಲ್ಯಾಪ್‌ಟಾಪ್ ಪರದೆ ತುಂಬ ಹರಳು ಕಂಡಾಗ ಬಹಳ ಖುಷಿಯಾಯಿತು. ಮುಕ್ಕು ಎದ್ದು ಕಾಣುತ್ತಿತ್ತು. ಹೊಸ ಹರಳು ಕೂರಿಸಿಕೊಂಡು ಬಂದೆ. ಆರು ತಿಂಗಳಾದ ಮೇಲೆ ಮತ್ತೆ ನೋಡಿದರೆ ಹರಳಿನ ಮೇಲೆ ಬೆಳ್ಳಗೆ ಹೊಳೆಯುವ ಒಂದು ಚಪ್ಪಟೆ ಜಾಗ. ಸವೆದಿದೆ ಅಂದುಕೊಂಡು ಮತ್ತೆ ದುಡ್ಡು ಕೊಟ್ಟು ಇನ್ನೊಂದು ಹಾಕಿಸಿದೆ. ಮನೆಗೆ ತಂದು ನೋಡಿದರೆ ಹೊಚ್ಚಹೊಸ ಹರಳಿನಲ್ಲೂ ಅದೇ ಜಾಗದಲ್ಲಿ ಅದೇ ಬಿಳಿ ಮಚ್ಚೆ!

ಮಚ್ಚೆ ಹರಳಿನದಲ್ಲ, ಮೈಕ್ರೋಸ್ಕೋಪಿನದು. ಅದರ ಬಾಯಿಯ ಸುತ್ತ ಎಂಟು ಎಲ್‌ಇಡಿ ದೀಪ. ಸಫೈರ್ ನುಣುಪು, ಪಾರದರ್ಶಕ. ದೀಪಗಳು ಅದರಲ್ಲಿ ಪ್ರತಿಫಲಿಸಿ, ಎರಡು ಮೂರು ಕೂಡಿಕೊಂಡು ಸವೆದ ಜಾಗದಂತೆಯೇ ಕಾಣುತ್ತವೆ. ದೀಪ ಆರಿಸಿ ಪಕ್ಕದಿಂದ ಟಾರ್ಚ್ ಹಿಡಿದೆ, ಸ್ವಲ್ಪ ಪರವಾಗಿಲ್ಲ. ಆದರೆ ಹರಳನ್ನು ಕೂದಲೆಳೆಯಷ್ಟು ತಿರುಗಿಸಿದರೂ ಫೋಕಸ್ ಹೋಗುತ್ತದೆ. ಸ್ಟ್ಯಾಂಡ್ ಬೇರೆ ಅಲ್ಲಾಡುತ್ತದೆ, ಮೇಜಿನ ಮೇಲೆ ಕೈ ಇಟ್ಟರೂ ಚಿತ್ರ ಕುಣಿಯುತ್ತದೆ. ಹರಳನ್ನು ತಿರುಗಿಸದೆ ಸವೆತ ತಿಳಿಯುವುದಿಲ್ಲ, ತಿರುಗಿಸಲು ಇದು ಬಿಡುವುದಿಲ್ಲ.

ಲೂಪ್, ಅಂದರೆ ಅಕ್ಕಸಾಲಿಗರು ಕಣ್ಣಿಗಿಟ್ಟು ನೋಡುವ ಪುಟ್ಟ ಭೂತಗನ್ನಡಿ, ಗೆಲ್ಲುವುದು ಇಲ್ಲೇ. ಕಳೆದ ಸಲ ಬೆಂಗಳೂರಿಗೆ ಹೋದಾಗ ನಗರ್ತಪೇಟೆಯಲ್ಲಿ 400 ರೂಪಾಯಿಗೆ ಕೊಂಡ 10 ಪಟ್ಟಿನ ಮಡಚುವ ಲೂಪ್. ರಿಪ್ರೊಡ್ಯೂಸರ್ (ಹರಳನ್ನು ಹಿಡಿದು ದನಿ ಹೊರಡಿಸುವ ಭಾಗ) ಬಿಚ್ಚಿ, ಹರಳಿಗೆ ಅಂಟಿದ ಮೇಣವನ್ನು ಮೆತ್ತನೆಯ ಬ್ರಷ್‌ನಿಂದ ಒರೆಸಿ, ಕಿಟಕಿಯ ಹತ್ತಿರ ನಿಲ್ಲುತ್ತೇನೆ. ಲೂಪ್ ಕಣ್ಣಿಗೆ ತಾಗುವಷ್ಟು ಹತ್ತಿರ, ಹರಳು ಲೂಪಿನಿಂದ ಒಂದು ಇಂಚು ದೂರ. ಈಗ ಮಣಿಕಟ್ಟು ನಿಧಾನವಾಗಿ ತಿರುಗಿಸಬೇಕು. ಹರಳು ದುಂಡಗಿದ್ದರೆ ಬೆಳಕಿನ ಚುಕ್ಕಿ ಅದರ ಮೈಮೇಲೆ ನೀರಿನ ಹನಿಯಂತೆ ಜಾರಿಕೊಂಡು ಹೋಗುತ್ತದೆ. ಸವೆದಿದ್ದರೆ ಜಾರುವುದಿಲ್ಲ. ಒಂದು ಕೋನದಲ್ಲಿ ಆ ಜಾಗ ಪೂರ್ತಿ ಕನ್ನಡಿಯಂತೆ ಫಳಕ್ ಅಂದು ತಕ್ಷಣ ಆರಿಹೋಗುತ್ತದೆ. ಒಮ್ಮೆ ನೋಡಿದರೆ ಮರೆಯುವ ಹಾಗೇ ಇಲ್ಲ.

ದೇವರ ಮನೆಯ ಬತ್ತಿ ಹತ್ತಿಯೂ ಉಪಯೋಗಕ್ಕೆ ಬರುತ್ತದೆ. ಒಂದೆಳೆ ಬಿಡಿಸಿ ಹರಳಿನ ಮೇಲೆ ಮೆಲ್ಲಗೆ ಎಳೆದರೆ ಮುಕ್ಕಿರುವ ಕಡೆ ಸಿಕ್ಕಿಕೊಳ್ಳುತ್ತದೆ. ನುಣ್ಣಗೆ ಸವೆದದ್ದನ್ನು ಮಾತ್ರ ಹಿಡಿಯುವುದಿಲ್ಲ.

ಬೂಷ್ಟು ಹಿಡಿದು ಕೆಲಸಕ್ಕೆ ಬಾರದ ಸಿಲಿಂಡರ್ ಒಂದನ್ನು ಎಸೆಯದೆ ಇಟ್ಟುಕೊಳ್ಳಿ. ಲೂಪಿನಲ್ಲಿ ಅನುಮಾನ ಬಂದರೆ ಅದರ ಮೇಲೆ ಅರ್ಧ ನಿಮಿಷ ಓಡಿಸಿ, ಓರೆ ಬೆಳಕಿನಲ್ಲಿ ನೋಡಿ. ಪುಡಿ ಬಂತೋ, ಹರಳು ಬದಲಾಯಿಸಲೇಬೇಕು.

ಮೈಕ್ರೋಸ್ಕೋಪನ್ನು ಮಾರಿಲ್ಲ. ಫೋಟೋ ತೆಗೆದಿಟ್ಟು ಹೋದ ವರ್ಷದ್ದರ ಜೊತೆ ಹೋಲಿಸಲು ಅದು ಬೇಕು. ಹತ್ತಾರು ರಿಪ್ರೊಡ್ಯೂಸರ್ ಇರುವವರು ಎರಡು ಕಣ್ಣಿನ ಒಳ್ಳೆಯ ಸ್ಟೀರಿಯೋ ಮೈಕ್ರೋಸ್ಕೋಪ್ ಕೊಳ್ಳಲಿ, ಅದು ಇದೆಲ್ಲಕ್ಕಿಂತ ಮೇಲು. ನನಗಿರುವುದು ಒಂದೇ ಮಷಿನ್, ಭಾನುವಾರ ಮೂರು ನಾಲ್ಕು ಸಿಲಿಂಡರ್ ಕೇಳಿದರೆ ಜಾಸ್ತಿ. ಅಷ್ಟು ದುಡ್ಡಿಗೆ ಇನ್ನಷ್ಟು ಸಿಲಿಂಡರ್ ಬರುತ್ತದಲ್ವಾ?

ಒಂದು ಮಾತು ಬಿಟ್ಟಿದ್ದೆ. 1912ರ ನಂತರದ ನೀಲಿ ಅಂಬೆರಾಲ್ (ಮೇಣದ್ದಲ್ಲ, ಗಟ್ಟಿ ಸೆಲ್ಯುಲಾಯ್ಡಿನ) ಸಿಲಿಂಡರ್‌ಗಳಿಗೆಂದು ಮಾಡಿದ ಡೈಮಂಡ್ ರಿಪ್ರೊಡ್ಯೂಸರ್ ನಿಮ್ಮಲ್ಲಿದ್ದರೆ ಹರಳು ಎಷ್ಟೇ ಚೆನ್ನಾಗಿರಲಿ, ಮೇಣದ ಮೇಲೆ ಇಡಬೇಡಿ. ಲೂಪ್ ಈಗ ಫೋನೋಗ್ರಾಫಿನ ಹಿಡಿಕೆಗೇ ದಾರ ಕಟ್ಟಿ ನೇತುಹಾಕಿದ್ದೇನೆ. ಕೀಲಿ ಕೊಡಬೇಕಾದರೆ ಮೊದಲು ಅದನ್ನು ತೆಗೆಯಲೇಬೇಕು.