ಹಳೇ ಯೆಜ್ಡಿ ಬೈಕಿನ ಕ್ರ್ಯಾಂಕ್‌ಕೇಸ್ (ಎಂಜಿನ್ನಿನ ಕೆಳಭಾಗದ ಲೋಹದ ಕವಚ) ಬಿರುಕು: ಅಂಟೋ, ಆರ್ಗಾನ್ ವೆಲ್ಡಿಂಗೋ, ಬೇರೆ ಕೇಸೋ?

ಮೊದಲು ಕೇಸನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ, ಡೈ ಪೆನೆಟ್ರೆಂಟ್ (ಬಿರುಕಿನೊಳಗೆ ಇಳಿದು ಅದನ್ನು ಎತ್ತಿ ತೋರಿಸುವ ಬಣ್ಣದ ದ್ರವ) ಹಾಕಿ ನೋಡಿ. ಬರೀ ಗೀರಾಗಿದ್ದರೆ ಸುಮ್ನೆ ಖರ್ಚು ಬೇಡ.

ಎಪಾಕ್ಸಿ ಅಂಟು ಅಗ್ಗ, ಮನೆಯಲ್ಲೇ ಹಚ್ಚಬಹುದು. ಗೇರ್ ಎಣ್ಣೆ ಜಿನುಗುವ ಸಣ್ಣ ಬಿರುಕಿಗೆ ಸಾಕು. ಭಾರ ಬೀಳುವ ಬೋಲ್ಟ್ ಜಾಗಕ್ಕೆ ನಾನಂತೂ ಹಚ್ಚುವುದಿಲ್ಲ.

ಅಲ್ಲಿ ಬಾಳಿಕೆ ಬರುವುದು ಆರ್ಗಾನ್ ವೆಲ್ಡಿಂಗ್. ಆದರೆ ಹಳೇ ಅಲ್ಯೂಮಿನಿಯಂ ಎಣ್ಣೆ ಕುಡಿದಿರುತ್ತದೆ. ಶುಚಿ ಸಾಲದಿದ್ದರೆ ವೆಲ್ಡ್‌ನಲ್ಲಿ ಗುಳ್ಳೆ ಬರುತ್ತದೆ. ಬಿಸಿಗೆ ಕೇಸಿನ ಎರಡು ಹೋಳು ಸೇರುವ ಮುಖ ಸೊಟ್ಟಗಾಗಬಹುದು. ಇದು ಟೂ ಸ್ಟ್ರೋಕ್ ಅಲ್ವಾ, ಆ ಸಂದಿಯಿಂದ ಕ್ರ್ಯಾಂಕ್ ಭಾಗ ಗಾಳಿ ಎಳೆದರೆ ಪೆಟ್ರೋಲ್ ಮಿಶ್ರಣ ತೆಳುವಾಗಿ ಪಿಸ್ಟನ್ ಹಿಡಿದುಕೊಳ್ಳಬಹುದು. ವೆಲ್ಡ್ ಆದಮೇಲೆ ಆ ಮುಖ ಸಮತಟ್ಟಾಗಿದೆಯೇ ಅಂತ ನೋಡಲೇಬೇಕು.

ಬೇರಿಂಗ್ ಕೂರುವ ಜಾಗವೇ ಸೀಳಿದ್ದರೆ ಬೇರೆ ಕೇಸ್ ಒಳ್ಳೆಯದು. ಎರಡೂ ಹೋಳು ಒಂದೇ ಜೋಡಿಯದ್ದಿರಲಿ. ಕೇಸ್ ಮೇಲಿನ ಎಂಜಿನ್ ನಂಬರ್ ಬದಲಾದರೆ ಆರ್‌ಟಿಒದಲ್ಲಿ ದಾಖಲಿಸಿ.