ಶುಕ್ರನೋ ಮಂಗಳನೋ: ಮೊದಲು ಯಾರನ್ನು ನೋಡಬೇಕು?

ಕೈಯಲ್ಲಿ 70 ಮಿ.ಮೀ. (ಮುಂದಿನ ಮಸೂರದ ಅಗಲ) ಟೆಲಿಸ್ಕೋಪ್ ಅಷ್ಟೇ ಇದ್ದರೆ ಶುಕ್ರನೇ ಸರಿ. 50 ಪಟ್ಟು ಹಿಗ್ಗಿಸಿದರೆ ಸಾಕು, ಅರ್ಧಚಂದ್ರನಂತೆ, ಆಮೇಲೆ ಕುಡುಗೋಲಿನಂತೆ ಕಾಣುತ್ತಾನೆ. ತೆಳ್ಳಗಾದಷ್ಟೂ ದೊಡ್ಡದಾಗುತ್ತಾನೆ, ಆಗ ಭೂಮಿಗೆ ಹತ್ತಿರ ಬಂದಿರುತ್ತಾನಲ್ಲ! ಪೂರ್ತಿ ಕತ್ತಲಾಗಲೆಂದು ಕಾಯಬೇಡಿ, ಹೊಳಪಿನಲ್ಲಿ ಆಕಾರವೇ ಕಲಸಿಹೋಗುತ್ತದೆ. ಸೂರ್ಯ ಮುಳುಗಿದ ಮೇಲೆಯೇ ಟೆಲಿಸ್ಕೋಪ್ ತಿರುಗಿಸಿ. ಅದಕ್ಕೂ ಮುಂಚೆ ಕಣ್ಣಿಗೆ ಅಪಾಯ. ನೆಲ ಮಾತ್ರ ಎಂದೂ ಕಾಣದು, ಬರೀ ಮೋಡ.

ನೆಲದ ಗುರುತುಗಳೇ ಬೇಕೆಂದರೆ ಮಂಗಳ. ಆದರೆ ಸುಮಾರು 26 ತಿಂಗಳಿಗೊಮ್ಮೆ ಮಾತ್ರ ಹತ್ತಿರ ಬರುತ್ತಾನೆ. 2027ರ ಫೆಬ್ರುವರಿ 19ರಂದು, ಭೂಮಿಯಿಂದ ನೋಡಿದರೆ, ಸೂರ್ಯನ ನೇರ ಎದುರು ದಿಕ್ಕಿನಲ್ಲಿರುತ್ತಾನೆ. ರಾಯಚೂರು, ಕೊಪ್ಪಳದಲ್ಲಿ ನಡುರಾತ್ರಿ ಹೆಚ್ಚುಕಡಿಮೆ ನೆತ್ತಿಯ ಮೇಲೆ. ಆಗಲೂ ಆಕಾಶದಲ್ಲಿ ಅವನ ಗಾತ್ರ 14 ಆರ್ಕ್‌ಸೆಕೆಂಡ್ ಅಷ್ಟೇ (ಒಂದು ಡಿಗ್ರಿಯನ್ನು 3600 ಪಾಲು ಮಾಡಿದರೆ ಒಂದು ಪಾಲು ಒಂದು ಆರ್ಕ್‌ಸೆಕೆಂಡ್). 150 ಮಿ.ಮೀ. ಅಗಲದ ಕನ್ನಡಿಯ ಟೆಲಿಸ್ಕೋಪ್, 150 ಪಟ್ಟು ಹಿಗ್ಗಿಸುವಿಕೆ ಬೇಕೇಬೇಕು. ಅಲ್ಲಿಯ ದಿನ ನಮ್ಮದಕ್ಕಿಂತ ಸುಮಾರು 40 ನಿಮಿಷ ಉದ್ದ, ಹಾಗಾಗಿ ನಿನ್ನೆ ಕಂಡ ಕಪ್ಪು ಕಲೆ ಇಂದು ಅಷ್ಟು ತಡವಾಗಿ ಎದುರಿಗೆ ಬರುತ್ತದೆ.

ನಮ್ಮ ಕಡೆ ಇಬ್ಬರಿಗೂ ಶತ್ರು ಒಂದೇ: ಬಿಸಿಲಿಗೆ ಕಾದ ಬಂಡೆ, ಆರ್‌ಸಿಸಿ ಮಾಳಿಗೆ. ಮೇಲೇಳುವ ಬಿಸಿಗಾಳಿಗೆ ಬಿಂಬ ಕುದಿಯುತ್ತದೆ. ಮಣ್ಣಿನ ನೆಲ ಹುಡುಕಿ, ಟೆಲಿಸ್ಕೋಪ್ ಹೊರಗಿನ ಗಾಳಿಯಷ್ಟೇ ತಣ್ಣಗಾಗಲೆಂದು ಮುಕ್ಕಾಲು ತಾಸು ಮೊದಲೇ ಹೊರಗಿಡಿ.